ಲಾಲ್ ಸಾಬ್ ಓದಿದ ತೂತುಗಳು

ಸೀಳಿದ ಪಾತ್ರೆ ಹಿಡಿದು ಲಾಲ್ ಸಾಬನ ಅಂಗಡಿಗೆ ಮೊದಲ ಸಲ ಹೋದ ಹೆಂಗಸು ಅವನ ಮೇಲೆ ರೇಗದೆ ತಿರುಗಿ ಬಂದದ್ದು ರಾಯಚೂರಿನಲ್ಲಿ ಯಾರಿಗೂ ನೆನಪಿಲ್ಲ. ರೇಗದೆ ಇನ್ನೇನು ಮಾಡಿಯಾರು? ದುರಸ್ತಿಗೆಂದು ಕೊಟ್ಟ ಅಲ್ಯೂಮಿನಿಯಂ ಕೊಡವನ್ನು ಆತ ಎರಡೂ ಮೊಣಕಾಲಿನ ನಡುವೆ ಸಿಗಿಸಿಕೊಂಡು, ಸೀಳು ಎಲ್ಲಿಗೆ ಬಂದು ನಿಂತಿದೆಯೆಂದು ಬೆರಳಾಡಿಸಿ ನೋಡಿ, ಸರಿಯಾಗಿ ಅದರ ತುದಿಗೆ ಬೈರಿಗೆ ಇಟ್ಟು ಹೊಸದಾಗಿ ಒಂದು ತೂತು ಕೊರೆದುಬಿಡುತ್ತಿದ್ದ. ಇದ್ದದ್ದನ್ನು ಮುಚ್ಚು ಅಂದರೆ ಇಲ್ಲದ್ದನ್ನು ಮಾಡಿದಿ ಎಂದು ಗಂಜ್ ಬಡಾವಣೆಯ ಸೂಗಮ್ಮ ಒಮ್ಮೆ ಬೀದಿ ತುಂಬಾ ಜನ ಸೇರಿಸಿದ್ದಳು. ಲಾಲ್ ಸಾಬ್ ತಲೆ ಎತ್ತಲಿಲ್ಲ. ಸೀಳಿನ ತುದಿ ಚೂಪಾಗಿರುತ್ತದೆ, ಚೂಪಾಗಿರುವತನಕ ಅದು ಮುಂದಕ್ಕೆ ಓಡುತ್ತದೆ, ಅದರ ಮುಂದೆ ದುಂಡನೆಯ ತೂತು ಬಂತೆಂದರೆ ಓಡಲಿಕ್ಕೆ ದಾರಿ ಕಾಣದೆ ನಿಲ್ಲುತ್ತದೆ ಎಂದು ಸಮಾಧಾನವಾಗಿ ವಿವರಿಸಿದ. ಆಮೇಲೆ ತೇಪೆ ಹಚ್ಚಿ, ರಿವೆಟ್ಟು ಬಡಿದು ಕೊಟ್ಟ. ಆ ಕೊಡ ಹನ್ನೊಂದು ವರ್ಷ ಬಾಳಿತು. ಸೂಗಮ್ಮ ಅದರಲ್ಲಿ ನೀರು ತರುವಾಗಲೆಲ್ಲ ಅವನನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಆತ ಒಳ್ಳೆಯ ತಗಡಿನ ಕೆಲಸದವ ಎನ್ನಿಸಿಕೊಂಡು ಸುಖವಾಗಿರುತ್ತಿದ್ದ. ಆದರೆ ಈ ವಿದ್ಯೆ ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ಸಾಕು, ಕೇಳದಿದ್ದರೂ ಸಾಕು, ಸುತ್ತಿಗೆ ಕೆಳಗಿಟ್ಟು ಶುರು ಮಾಡುತ್ತಿದ್ದ.

ಮಾನ್ವಿ ತಾಲ್ಲೂಕಿನ ಕುರ್ಡಿಯ ಹುಡುಗನಾಗಿದ್ದ ಆತ ದೊಡ್ಡ ಯುದ್ಧದ ಕಾಲಕ್ಕೆ ಫೌಜಿಗೆ ಸೇರಿದ್ದ. ಕೈ ಚುರುಕು ನೋಡಿ ತಗಡಿನ ಕೆಲಸ ಕಲಿಸಿ, ಬಂಗಾಲದ ಒಂದು ವಿಮಾನ ಮೈದಾನಕ್ಕೆ ಕಳಿಸಿದರು. ಅಲ್ಲಿಂದ ಲಿಬರೇಟರ್ ಎಂಬ ಭಾರಿ ಬಾಂಬರುಗಳು ಬರ್ಮಾದ ರೈಲು ಸೇತುವೆಗಳ ಮೇಲೆ ಬಾಂಬು ಹಾಕಲು ಹೋಗುತ್ತಿದ್ದವು. ನಾಲ್ಕು ಇಂಜಿನ್ನು, ಎರಡು ಬಾಲ, ಒಳಗೆ ಒಂದು ಮದುವೆ ದಿಬ್ಬಣ ಹಿಡಿಸುವಷ್ಟು ಜಾಗ. ಬೆಳಗ್ಗೆ ನೆಟ್ಟಗೆ ಹೋದದ್ದು ಸಂಜೆ ಜರಡಿಯಾಗಿ ಬರುತ್ತಿತ್ತು. ಕೆಳಗಿನಿಂದ ಜಪಾನಿಯರು ಹೊಡೆದ ತೂತು, ಎದುರಿನಿಂದ ಬಂದ ಗುಂಡಿನ ತೂತು, ತಮ್ಮದೇ ಸಿಪಾಯಿ ಗಡಿಬಿಡಿಯಲ್ಲಿ ಹೊಡೆದುಕೊಂಡ ತೂತು. ಪ್ರತಿಯೊಂದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಗಾಗುವುದರೊಳಗೆ ತೇಪೆ ಹಚ್ಚುವುದು ಲಾಲ್ ಸಾಬನ ಕೆಲಸ. ತೂತಿನ ಅಂಚು ಒಳಗೆ ಮಡಚಿದೆಯೋ ಹೊರಗೆ ಮಡಚಿದೆಯೋ ನೋಡಿ, ಏನು ಬಡಿಯಿತು, ಯಾವ ಕಡೆಯಿಂದ ಬಂತು ಎಂದು ಹೇಳುವುದನ್ನೂ ಕಲಿತಿದ್ದ. ಬಿಳಿಯ ಸಾಹೇಬರು ಅವನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರಂತೆ.

ಒಂದು ವಿಮಾನಕ್ಕೆ ನೂರಾ ಮೂವತ್ತೇಳು ತೂತು ಬಿದ್ದಿದ್ದವು. ಒಂದು ಇಂಜಿನ್ನು ಸತ್ತು, ಒಂದು ಬಾಲ ಅರ್ಧ ಹರಿದು, ಹೊಟ್ಟೆಯಲ್ಲಿ ಆಡು ನುಸುಳುವಷ್ಟು ಕಿಂಡಿ ಬಿದ್ದಿದ್ದರೂ ಅದು ಸಾವಿರ ಮೈಲಿ ಹಾರಿ ಬಂದು ಇಳಿದಿತ್ತು. ಹೇಗೆ ಬಂತು ಎಂದರೆ ಲಾಲ್ ಸಾಬನ ಬಳಿ ಉತ್ತರವಿತ್ತು. ವಿಮಾನದ ಚರ್ಮ ಹರಿದರೆ ಏನೂ ಆಗುವುದಿಲ್ಲ, ಒಳಗಿನ ಪಕ್ಕೆಲುಬು ಹಿಡಿದಿರಬೇಕು. ಒಂದು ಪಕ್ಕೆಲುಬು ಮುರಿದರೆ ಅದರ ಭಾರವನ್ನು ಮಗ್ಗುಲಿನದು ಹೊತ್ತುಕೊಳ್ಳುತ್ತದೆ. ಪೆಟ್ರೋಲಿನ ತೊಟ್ಟಿಗೆ ರಬ್ಬರಿನ ಪದರ ಇರುತ್ತದೆ, ಗುಂಡು ಹೊಕ್ಕರೆ ಪೆಟ್ರೋಲು ತಾಗಿ ರಬ್ಬರು ಉಬ್ಬಿ ತೂತನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹಾಗೆಂದು ಗಟ್ಟಿಮುಟ್ಟು ಅನ್ನುವಂತೆಯೂ ಇಲ್ಲ. ಹೊಟ್ಟೆ ಸೀಳಿದರೂ ಬೀಳದ ವಿಮಾನ, ಎಣ್ಣೆಯ ನಳಿಗೆಗೆ ಕಡಲೆಕಾಳಿನಷ್ಟು ಚೂರು ಬಡಿದರೆ ಬಿದ್ದುಹೋಗುತ್ತದೆ. ಎಷ್ಟು ತೂತು ಅನ್ನುವುದಕ್ಕಿಂತ ಎಲ್ಲಿ ತೂತು ಅನ್ನುವುದೇ ಮುಖ್ಯ ಎಂದು ಮುಗಿಸಿ, ಕೇಳುವವರ ಮುಖ ನೋಡುತ್ತಿದ್ದ.

ಕೇಳುವವರು ನಗುತ್ತಿದ್ದರು. ಅದರಲ್ಲೂ ಎದುರಿನ ಸೈಕಲ್ ಅಂಗಡಿಯ ತಾಯಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಸೈಕಲ್ಲಿಗೆ ಒಂದು ಮುಳ್ಳು ಚುಚ್ಚಿದರೆ ಮುಂದೆ ಹೋಗುವುದಿಲ್ಲ, ನಿನ್ನ ವಿಮಾನ ಜರಡಿಯಾಗಿ ಸಮುದ್ರ ದಾಟಿತೇನು ಎಂದು ಪಂಕ್ಚರ್ ಹಾಕುತ್ತಲೇ ಕೇಳುತ್ತಿದ್ದ. ಲಾಲ್ ಸಾಬನಿಗೆ ‘ಬಾಂಬರ್ ಸಾಬ್’ ಎಂದು ಹೆಸರಿಟ್ಟವನೂ ಅವನೇ. ದೇವದುರ್ಗದ ಸಂತೆಗೆ ಟ್ರಂಕು, ಲಾಳಿಕೆ ಹೊತ್ತುಕೊಂಡು ಹೋದರೆ ಅಲ್ಲಿಗೂ ಆ ಹೆಸರು ಮುಂಚೆಯೇ ಹೋಗಿ ಕೂತಿರುತ್ತಿತ್ತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವವರು ಕೂಡ, ಕೂತುಕೋ, ಆದರೆ ವಿಮಾನದ ಸುದ್ದಿ ಎತ್ತಬೇಡ ಎಂದು ಕರಾರು ಹಾಕಿಯೇ ಬಿಟ್ಟುಕೊಡುತ್ತಿದ್ದರು.

ಕಾಗದ ತೋರಿಸು ಅನ್ನುವವರಿಗೆ ತೋರಿಸಲು ಕಾಗದವೂ ಇರಲಿಲ್ಲ. ನಲವತ್ತೆಂಟರಲ್ಲಿ ಸೈನ್ಯ ಬಂದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಫೌಜಿನ ಮೊಹರಿನ ಹಾಳೆ ಮನೆಯಲ್ಲಿದ್ದರೆ ಯಾರು ಏನು ಅನ್ನುತ್ತಾರೋ ಎಂದು ಹೆದರಿ, ಅವನ ತಾಯಿ ಅಷ್ಟನ್ನೂ ಒಲೆಗೆ ಹಾಕಿ ಅದರಲ್ಲಿ ಮಗನಿಗೇ ಸ್ನಾನದ ನೀರು ಕಾಯಿಸಿದ್ದಳು. ಹೆಂಡತಿ ಮಹಬೂಬೀ ಮಾತ್ರ, ನಾನು ನಂಬಿದ್ದೇನಲ್ಲ, ಇನ್ನೇನು ಬೇಕು ಎನ್ನುತ್ತಿದ್ದಳು. ಹೆಂಡತಿ ನಂಬಿದ್ದು ಯಾವ ಲೆಕ್ಕ! ಅವಳು ರಿಕ್ಷಾದವನು ಹೇಳಿದ ಬಾಡಿಗೆಯನ್ನೂ ನಂಬುತ್ತಾಳೆ. ಲಾಲ್ ಸಾಬನಿಗೆ ಬೇಕಾಗಿದ್ದದ್ದು ಒಂದೇ. ಸಾಯುವುದರೊಳಗೆ ಒಮ್ಮೆ, ನಾಲ್ಕು ಜನರ ಮುಂದೆ, ತಾಯಣ್ಣನೂ ಇರುವಾಗ, ತಿಳಿದವರು ಯಾರಾದರೂ ಬಂದು ಈ ಮನುಷ್ಯ ಹೇಳುವುದು ನಿಜ ಅನ್ನಬೇಕು. ಐದು ಹೊತ್ತಿನ ನಮಾಜಿನಲ್ಲಿ ಒಂದು ಹೊತ್ತಾದರೂ ಅವನು ಇದನ್ನು ಕೇಳಿಕೊಳ್ಳುತ್ತಿದ್ದ. ದೇವರಿಗೆ ಬೇರೆ ಕೆಲಸಗಳಿದ್ದವು. ಮೂವತ್ತನಾಲ್ಕು ವರ್ಷ ಕಾಯಿಸಿದ.

ಎಂಬತ್ತನೇ ಇಸವಿಯ ದೀಪಾವಳಿಯ ಮುಂದೆ ಮಾನ್ವಿಯ ಕಡೆ ಹತ್ತಿಗೆ ಹುಳ ಬಿತ್ತು. ಔಷಧ ಹೊಡೆಯಲು ಒಂದು ಪುಟ್ಟ ವಿಮಾನ ಬಂತು. ಕುರ್ಡಿಯ ಹತ್ತಿರ ಬಯಲು ಸಮ ಮಾಡಿ ಅದಕ್ಕೆ ಇಳಿಯುವ ಜಾಗ ಮಾಡಿದ್ದರು. ಅದು ಹತ್ತಿಯ ಮೇಲೆ ಎರಡಾಳು ಎತ್ತರದಲ್ಲಿ ಅಬ್ಬರಿಸುತ್ತ ಹೋಗುವುದನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅದೇ ಊರಿನ ಬೂದೆಮ್ಮನಿಗೆ ಮಾತ್ರ ಅದು ಕಣ್ಣಿಗೆ ಕಂಡರೆ ಆಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದುಡಿದುಕೊಂಡಿದ್ದ ಅವಳ ಎರಡೆಕರೆ ಜೋಳ ಹತ್ತಿಯ ಮಗ್ಗುಲಿಗೇ ಇತ್ತು, ಹಾಲುಗಾಳು ತುಂಬಿತ್ತು. ವಿಮಾನ ಒಂದು ಸುತ್ತು ಹಾಕಿದರೆ ಸುತ್ತಲಿನ ಗುಬ್ಬಿ, ಗಿಳಿಗಳೆಲ್ಲ ಹೆದರಿ ಬಂದು ಅವಳ ಜೋಳದಲ್ಲಿ ಅಡಗುತ್ತಿದ್ದವು. ಅಡಗಿದವು ಸುಮ್ಮನೆ ಕೂಡುತ್ತವೆಯೇ? ಹೊಲದ ಕಾವಲಿನ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಬೀಸಿ ಅವಳ ರಟ್ಟೆ ಬಿದ್ದುಹೋಗಿತ್ತು. ಮೂರನೆಯ ದಿನ ಅವಳು ಎಲ್ಲ ಹಕ್ಕಿಗಳ ಮೂಲಕ್ಕೇ ಗುರಿ ಇಟ್ಟಳು. ಕುರ್ಡಿಯಲ್ಲಿ ಬೂದೆಮ್ಮನ ಕವಣೆಯ ಗುರಿ ತಪ್ಪಿದ್ದನ್ನು ಕಂಡವರಿಲ್ಲ.

ರೆಕ್ಕೆಗೆ ತೂತು ಬಿದ್ದ ವಿಮಾನ ಹೇಗೋ ಇಳಿಯಿತು. ಜೊತೆಗಿದ್ದ ಇಂಜಿನಿಯರ್ ಮದ್ರಾಸಿನ ಕಡೆಯ ಹುಡುಗ, ತಗಡು, ರಿವೆಟ್ಟು ಎಲ್ಲ ಇಟ್ಟುಕೊಂಡಿದ್ದ. ಆದರೆ ರಿವೆಟ್ಟು ಹಾಕಲು ಇಬ್ಬರು ಬೇಕು, ಹೊರಗಿನಿಂದ ಒಬ್ಬ ಬಡಿಯುವಾಗ ಒಳಗಿನಿಂದ ಇನ್ನೊಬ್ಬ ಕಬ್ಬಿಣದ ದಿಂಡು ಒತ್ತಿ ಹಿಡಿಯಬೇಕು. ಅವನ ಜೊತೆಗಾರ ಚಳಿಜ್ವರ ಬಂದು ಮಲಗಿದ್ದ. ತಗಡಿನ ಕೆಲಸ ಬಲ್ಲವರನ್ನು ಹುಡುಕಿಕೊಂಡು ಜೀಪು ರಾಯಚೂರಿಗೆ ಬಂದು, ಕೇಳಿದ್ದು ಸಾಕ್ಷಾತ್ ತಾಯಣ್ಣನನ್ನೇ. ತಾಯಣ್ಣ ನಗು ತಡೆದುಕೊಂಡು ಎದುರಿನ ಅಂಗಡಿಗೆ ಬೆರಳು ತೋರಿಸಿದ. ತಮಾಷೆ ತಪ್ಪಿಸಿಕೊಳ್ಳಬಾರದೆಂದು ಅಂಗಡಿಗೆ ಬೀಗ ಹಾಕಿ ತಾನೂ ಜೀಪು ಹತ್ತಿದ.

ಬಯಲಿನಲ್ಲಿ ಅರ್ಧ ಕುರ್ಡಿ ಸೇರಿತ್ತು. ಮಾನ್ವಿಯಿಂದ ಬಂದ ಪೊಲೀಸ್ ದಫೇದಾರ ಲಾಠಿ ತಿರುಗಿಸುತ್ತ ನಿಂತಿದ್ದ. ಸರ್ಕಾರಿ ಕೆಲಸದ ವಿಮಾನಕ್ಕೆ ಯಾರೋ ಬಂದೂಕು ಹಾರಿಸಿದ್ದಾರೆ, ತೂತು ಹೇಗೆ ಬಿತ್ತೆಂದು ತಿಳಿಯುವವರೆಗೆ ತಾನು ಅಲ್ಲಾಡುವುದಿಲ್ಲ, ಮಾಡಿದವರು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾರೆ ಎಂದು ಆಗಲೇ ನಾಲ್ಕು ಸಲ ಸಾರಿದ್ದ. ಊರಿನವರು ಬಾಯಿಗೆ ಹೊಲಿಗೆ ಹಾಕಿಕೊಂಡವರ ಹಾಗೆ ನಿಂತಿದ್ದರು.

ಲಾಲ್ ಸಾಬ್ ಎಲೆಅಡಿಕೆ ಜಗಿಯುತ್ತ ಹೋಗಿ ರೆಕ್ಕೆಯ ಕೆಳಗೆ ಅಂಗಾತ ಮಲಗಿದ. ಬೆಟ್ಟದ ನೆಲ್ಲಿಕಾಯಿ ಗಾತ್ರದ ತೂತು, ಅದರಿಂದ ಮೂರು ದಿಕ್ಕಿಗೆ ಮೂರು ಸೀಳು. ಅಲ್ಯೂಮಿನಿಯಂ ಮತ್ತು ಎಣ್ಣೆ ಕೂಡಿದ ಆ ವಾಸನೆ ಮೂಗಿಗೆ ಬಂದಾಗ ಅವನ ಕಣ್ಣು ತೇವವಾದವು. ಇಂಜಿನಿಯರ್ ಹಿಂದಿಯಲ್ಲಿ, ಮೊದಲು ಏನು ಮಾಡಬೇಕೆಂದರೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಲಾಲ್ ಸಾಬ್ ಬೈರಿಗೆ ತೆಗೆದುಕೊಂಡು ಮೂರು ಸೀಳಿನ ತುದಿಗೂ ಮೂರು ತೂತು ಕೊರೆದು ಮುಗಿಸಿದ್ದ. ಹುಡುಗ ತೆರೆದ ಬಾಯಿ ಹಾಗೆಯೇ ಬಿಟ್ಟುಕೊಂಡು ನೋಡಿದ. ಎಲ್ಲಿ ಕಲಿತಿರಿ ಎಂದು ಕೇಳಿದ. ಲಿಬರೇಟರ್ ಮೇಲೆ, ಬಂಗಾಲದಲ್ಲಿ ಎಂದ ಲಾಲ್ ಸಾಬ್, ಮಲಗಿದಲ್ಲಿಂದಲೇ.

ಆಗ ಆ ಹುಡುಗ ಎದ್ದು ನಿಂತು, ಜನ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದ. ನನಗೆ ಕೆಲಸ ಕಲಿಸಿದ ಗುರುಗಳೂ ಆ ಕಾಲದವರೇ, ಆ ಬಾಂಬರುಗಳು ಇನ್ನೂರು ಇನ್ನೂರೈವತ್ತು ತೂತು ಬಿದ್ದರೂ ತಿರುಗಿ ಬರುತ್ತಿದ್ದವೆಂದು ಅವರ ಬಾಯಿಂದಲೇ ಕೇಳಿದ್ದೇನೆ, ಅವುಗಳಿಗೆ ತೇಪೆ ಹಚ್ಚಿದ ಕೈ ಎಂದರೆ ಚಿನ್ನದ ಕೈ, ಇವತ್ತು ನನ್ನ ಪುಣ್ಯ ಎಂದ. ಮಾತು ಅರ್ಥವಾಗದವರಿಗೆ ಪಕ್ಕದವರು ತಿಳಿಸಿ ಹೇಳಿದರು. ತಾಯಣ್ಣನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. ಮೂವತ್ತನಾಲ್ಕು ವರ್ಷದ ಬೇಡಿಕೆ ಹೀಗೆ ಒಂದೇ ಏಟಿಗೆ, ಕೇಳಿದ್ದಕ್ಕಿಂತ ಹೆಚ್ಚು ಜನರ ಮುಂದೆ ಈಡೇರಿತ್ತು. ಲಾಲ್ ಸಾಬನಿಗೆ ರೆಕ್ಕೆಯ ಕೆಳಗೇ ಒಂದು ಗಳಿಗೆ ಹಾಗೇ ಮಲಗಿರೋಣ ಅನ್ನಿಸಿತು.

ಅಷ್ಟು ಹೊತ್ತಿಗೆ ಒಳಗನ್ನು ಒರೆಸಲೆಂದು ತೂತಿನೊಳಗೆ ಎರಡು ಬೆರಳು ಹಾಕಿದ. ಪಕ್ಕೆಲುಬಿನ ಸಂದಿಯಲ್ಲಿ ಏನೋ ತಣ್ಣಗೆ ಸಿಕ್ಕಿತು. ಎಳೆದು ನೋಡಿದರೆ ಹಳ್ಳದಲ್ಲಿ ಆರಿಸಿದ ನುಣುಪು ಕಲ್ಲು. ಇಂಥ ಕಲ್ಲನ್ನು ಅವನೂ ಸಣ್ಣವನಿದ್ದಾಗ ಇದೇ ಊರಿನ ಹಳ್ಳದಲ್ಲಿ ಮಡಿಲು ತುಂಬ ಆರಿಸಿದ್ದ. ತಲೆ ಹೊರಳಿಸಿದ. ಜನರ ಕಾಲುಗಳ ನಡುವೆ, ಎಲ್ಲರಿಗಿಂತ ಹಿಂದೆ, ಬೂದೆಮ್ಮ ಕಂಡಳು. ಎಲ್ಲವನ್ನೂ ಬಚ್ಚಿಟ್ಟ ಊರು ಒಂದನ್ನು ಮರೆತಿತ್ತು. ಕವಣೆ ಅವಳ ಸೊಂಟದಲ್ಲಿ ಕಟ್ಟಿದ ಹಾಗೆಯೇ ಇತ್ತು.

ದಫೇದಾರ ಬಗ್ಗಿ ಕೇಳಿದ, ಒಳಗೆ ಗುಂಡು ಸಿಕ್ಕಿತೇನು ಎಂದು. ಲಾಲ್ ಸಾಬ್ ಬಾಯಿ ಒರೆಸಿಕೊಳ್ಳುವವನಂತೆ ಕೈ ಎತ್ತಿ ಕಲ್ಲನ್ನು ದವಡೆಗೆ ಸೇರಿಸಿದ. ಎಲೆಅಡಿಕೆ ಒಂದು ಕಡೆ, ಬೂದೆಮ್ಮನ ಕಲ್ಲು ಇನ್ನೊಂದು ಕಡೆ. ಖಾಲಿ ಕೈ ಕಂಡ ದಫೇದಾರ ಇಂಜಿನಿಯರನ ಕಡೆ ತಿರುಗಿದ. ಆ ಹುಡುಗ ಎಷ್ಟು ಒಳ್ಳೆಯವನೆಂದರೆ, ನನ್ನನ್ನೇಕೆ ಕೇಳುತ್ತೀರಿ, ತೂತು ನೋಡಿ ಕಾರಣ ಹೇಳುವ ಉಸ್ತಾದರು ಇಲ್ಲೇ ಇದ್ದಾರೆ, ಅವರು ಏನು ಹೇಳುತ್ತಾರೋ ನಾನು ಅದನ್ನೇ ಬರೆಯುತ್ತೇನೆ ಎಂದುಬಿಟ್ಟ.

ಲಾಲ್ ಸಾಬ್ ಎದ್ದು ಕೂತ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು, ಅವನ ಬಾಯಲ್ಲೇ ಸಾಕ್ಷಿ ಇತ್ತು. ಸುಳ್ಳುಗಾರ ಅನ್ನಿಸಿಕೊಂಡು ಅರ್ಧ ಆಯುಷ್ಯ ಕಳೆದಿದ್ದರೂ ವಿಮಾನದ ವಿಷಯದಲ್ಲಿ ಅವನು ಒಂದೇ ಒಂದು ಸುಳ್ಳು ಹೇಳಿದವನಲ್ಲ. ಅದು ಅವನ ಹಠವೂ ಆಗಿತ್ತು, ಆಸ್ತಿಯೂ ಆಗಿತ್ತು. ಬೂದೆಮ್ಮನ ಕಡೆ ಇನ್ನೊಮ್ಮೆ ನೋಡಿದ. ಅವಳು ಇವನನ್ನು ನೋಡುತ್ತಿರಲಿಲ್ಲ, ದೂರದಲ್ಲಿ ತನ್ನ ಜೋಳದ ಮೇಲೆ ಇಳಿಯುತ್ತಿದ್ದ ಗಿಳಿ ಹಿಂಡನ್ನು ನೋಡುತ್ತ ತುಟಿ ಕಚ್ಚಿಕೊಳ್ಳುತ್ತಿದ್ದಳು.

“ಹದ್ದು,” ಅಂದ ಲಾಲ್ ಸಾಬ್.

ದಫೇದಾರನಿಗೆ ಸಮಾಧಾನವಾಗಲಿಲ್ಲ. ರಕ್ತ ಇಲ್ಲ, ಪುಕ್ಕ ಇಲ್ಲ, ಇದೆಂಥ ಹದ್ದು ಎಂದ.

“ಕೊಕ್ಕು ಬಡಿದದ ಸಾಹೇಬ್ರ,” ಎಂದ ಲಾಲ್ ಸಾಬ್, ಕಲ್ಲು ಹಲ್ಲಿಗೆ ತಾಗದಂತೆ ನಿಧಾನವಾಗಿ. “ಬಂದೂಕಿನ ಗುಂಡಾದ್ರ ಮ್ಯಾಲಿನ ತಗಡೂ ಹರಕೊಂಡು ಹೊರಗ ಹೋಗ್ತಿತ್ತು. ಇಂಥಾವು ನಾ ಬರ್ಮಾದ ಕಡಿ ರಗಡ ನೋಡೀನಿ.”

ಬರ್ಮಾದ ಕಡೆ ಅವನು ಒಂದು ಹದ್ದನ್ನೂ ನೋಡಿರಲಿಲ್ಲ. ಆದರೆ ಎಲ್ಲರಿಗಿಂತ ಮೊದಲು ತಲೆಯಾಡಿಸಿದವನು ತಾಯಣ್ಣ. ಲಾಲ್ ಸಾಬ್ ಹೇಳಿದ ಅಂದರೆ ಮುಗೀತು, ಅವನಿಗೆ ತಿಳಿಯದ ತೂತು ಯಾವುದಿದೆ ಎಂದು ದಫೇದಾರನಿಗೇ ಬುದ್ಧಿ ಹೇಳಿದ. ಇಂಜಿನಿಯರ್ ಹದ್ದು ಎಂದೇ ಬರೆದುಕೊಂಡ. ದಫೇದಾರ ಚಹಾ ಕುಡಿದು ಮಾನ್ವಿಗೆ ಹೋದ. ಸಂಜೆಯೊಳಗೆ ತೇಪೆ ಕೂತಿತು, ಮರುದಿನ ವಿಮಾನ ಹಾರಿತು, ಬೇರೆ ಊರಿನ ಹತ್ತಿ ಹುಡುಕಿಕೊಂಡು ಹೋಯಿತು. ತೇಪೆ ಹಾಕಿದ ಸಂಜೆಯೇ ಜೀಪಿನಲ್ಲಿ ವಾಪಸು ಬರುವಾಗ ಒಂದು ತಗ್ಗಿಗೆ ಗಾಲಿ ಇಳಿದು, ಜನರ ಕಣ್ಣು ತಪ್ಪಿಸಿ ಉಗಿಯಲು ಇನ್ನೂ ಸಮಯ ಸಿಗದಿದ್ದ ಆ ಕಲ್ಲು ಲಾಲ್ ಸಾಬನ ಒಂದು ದವಡೆ ಹಲ್ಲನ್ನು ಬಲಿ ತೆಗೆದುಕೊಂಡಿತು.

ಆಮೇಲೆ ಅವನು ಪಟ್ಟ ಪಾಡು ಬೇರೆ. ಊರೆಲ್ಲ ಅವನನ್ನು ನಂಬತೊಡಗಿತು. ಎಷ್ಟು ನಂಬಿತೆಂದರೆ ಅವನು ಕತೆ ಹೇಳುವ ಅಗತ್ಯವೇ ಬೀಳಲಿಲ್ಲ, ಗಿರಾಕಿಗಳಿಗೆ ತಾಯಣ್ಣನೇ ಎದುರಿನ ಅಂಗಡಿಯಿಂದ ಹೇಳುತ್ತಿದ್ದ. ತಾಯಣ್ಣನ ಬಾಯಲ್ಲಿ ತೂತುಗಳು ಐದು ನೂರಾದವು, ಸತ್ತ ಇಂಜಿನ್ನುಗಳು ಮೂರಾದವು. ನೂರಾ ಮೂವತ್ತೇಳೇ ಎಂದು ಲಾಲ್ ಸಾಬ್ ತಿದ್ದಲು ಹೋದರೆ, ದೊಡ್ಡ ಮನುಷ್ಯ, ಕೊಚ್ಚಿಕೊಳ್ಳುವುದಿಲ್ಲ ಎಂದು ಜನ ಇನ್ನಷ್ಟು ಮೆಚ್ಚುತ್ತಿದ್ದರು. ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಗತೊಡಗಿತು. ನಿಜ ಹೇಳಿದಷ್ಟೂ ವರ್ಷ ನಗುತ್ತಿದ್ದವರು ಒಂದು ಹದ್ದಿನ ಬಾಲ ಹಿಡಿದುಕೊಂಡು ನಂಬಿದ್ದರು. ಕಿಟಕಿಯ ಪಕ್ಕ ಕೂತರೂ ಅವನಿಗೆ ಗಾಳಿ ಹಿತವಾಗಲಿಲ್ಲ. ಮಹಬೂಬೀ ಎದುರು ಕೂಡ ಈ ಮಾತು ಆಡಲಿಲ್ಲ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಬೂದೆಮ್ಮ ಸೀತನಿಯ ಗಂಟು ಹೊತ್ತುಕೊಂಡು ಅಂಗಡಿಗೆ ಬಂದಳು. ಎಳೆಜೋಳದ ತೆನೆ ಸುಟ್ಟು ಬಡಿದು ತಂದಿದ್ದಳು, ಗಂಟು ಇನ್ನೂ ಬೆಚ್ಚಗಿತ್ತು. ಇದ್ದ ಜೋಳ ಉಳಿಯಿತು ಎಂದಳು. ಊರಿನವನೆಂದು ಅವಳು ಅವನನ್ನು ಕಾಕಾ ಎಂದೇ ಕರೆಯುತ್ತಿದ್ದಳು. ಬಾಯಲ್ಲಿಟ್ಟ ಕಲ್ಲು ಹಲ್ಲು ಮುರಿದ ಸುದ್ದಿಯನ್ನು ಅವನಿಂದಲೇ ಕೇಳಿ ಸೆರಗು ಬಾಯಿಗೆ ಹಿಡಿದು ನಕ್ಕಳು, ಆಮೇಲೆ ತಪ್ಪಾಯಿತೆಂದು ಕೈ ಮುಗಿದಳು. ಹೊರಡಲು ಎದ್ದವಳು ಮತ್ತೆ ಕೂತಳು.

“ಕಾಕಾ, ಸಿಟ್ಟಾಗಬ್ಯಾಡ, ಒಂದು ಮಾತು ಕೇಳ್ತೀನಿ,” ಎಂದಳು. “ಅಷ್ಟು ಮಂದಿ ಮುಂದ ನನ್ನ ಕಲ್ಲು ಬಾಯಾಗಿಟ್ಕೊಂಡು ಹದ್ದು ಅಂದಿ. ಕಣ್ಣ ಸೈತ ಪಿಳುಕಿಸಲಿಲ್ಲ. ಹಂಗಾರ ಆ ಯುದ್ಧದ ವಿಮಾನದ ಸುದ್ದಿನೂ ಹಿಂಗ ಏನು?”

ರಾಯಚೂರು, ಮಾನ್ವಿ, ದೇವದುರ್ಗ ಅಷ್ಟೂ ನಂಬಿದ್ದವು. ನಂಬದವಳು ಇವಳೊಬ್ಬಳು, ಲಾಲ್ ಸಾಬನ ಬಾಯಲ್ಲಿ ಕಲ್ಲಿದ್ದ ಗುಟ್ಟು ಗೊತ್ತಿದ್ದವಳೂ ಇವಳೊಬ್ಬಳೇ. ಅವನು ಸುತ್ತಿಗೆ ಕೆಳಗಿಟ್ಟ. ನಾಲ್ಕು ಇಂಜಿನ್ನಿನಿಂದ ಹಿಡಿದು ಸೀಮೆಸುಣ್ಣದ ಗೆರೆಯವರೆಗೆ, ಪಕ್ಕೆಲುಬಿನಿಂದ ಹಿಡಿದು ಉಬ್ಬುವ ರಬ್ಬರಿನವರೆಗೆ ಎಲ್ಲ ಹೇಳಿದ. ನೂರಾ ಮೂವತ್ತೇಳನ್ನು ಎರಡು ಸಲ ಹೇಳಿದ. ಅವಳು ಒಳ್ಳೆಯ ಕತೆ ಕೇಳುವವರ ಹಾಗೆ ಹೂಂಗುಟ್ಟುತ್ತ ಸೀತನಿ ಮೆಲ್ಲುತ್ತಿದ್ದಳು. ನಂಬಿದ ಲಕ್ಷಣ ಕಾಣಲಿಲ್ಲ.

“ಹೋದವು ಎಲ್ಲಾನೂ ತಿರುಗಿ ಬರ್ತಿದ್ವು?” ಎಂದು ಕೇಳಿದಳು, ಮೇಯಲು ಹೋದ ಹಸುಗಳ ಬಗ್ಗೆ ಕೇಳಿದಷ್ಟು ಸಹಜವಾಗಿ.

ನಕ್ಕವರಾಗಲಿ ನಂಬಿದವರಾಗಲಿ ಈ ಮಾತನ್ನು ಈವರೆಗೆ ಕೇಳಿರಲಿಲ್ಲ. ಲಾಲ್ ಸಾಬ್ ಬೀದಿಯ ಕಡೆ ನೋಡಿದ. ತಾಯಣ್ಣ ಗಿರಾಕಿಯ ಜೊತೆ ಮಾತಿನಲ್ಲಿದ್ದ.

“ಇಲ್ಲವ್ವ,” ಎಂದ. “ಒಂದಿನ ಹನ್ನೆರಡು ಹೋಗಿದ್ವು. ಸಂಜಿಗೆ ಹನ್ನೊಂದು ಬಂದ್ವು. ನಾವು ಸೀಮೆಸುಣ್ಣ ಹಿಡಕೊಂಡು ಕತ್ತಲಾಗೋ ತನಕ ನಿಂತಿದ್ವಿ. ಬರಲಿಲ್ಲ. ಅದರಾಗ ಒಂಬತ್ತು ಮಂದಿ ಇದ್ದರು. ಹಿಂದಿನ ದಿನ ಅದರ ರೆಕ್ಕಿಗಿ ನಾನ ತೇಪಿ ಹಚ್ಚಿದ್ದೆ, ಎಣ್ಣಿ ನಳಗಿ ಮಗ್ಗಲಕ. ಗಡಿಬಿಡಿ ಇತ್ತು. ಸೀಳಿನ ತುದಿಗಿ ತೂತು ಹಾಕಿದ್ನೋ ಇಲ್ಲೋ, ಎಷ್ಟು ನೆನಸಿದ್ರೂ ನೆನಪಾಗವಲ್ದು. ಬಂದ ವಿಮಾನದ ತೂತು ಓದಬಹುದವ್ವ. ಬರಲಾರದ್ದರದು ಏನು ಓದ್ತಿ?”

ಬೂದೆಮ್ಮ ಮೆಲ್ಲುವುದನ್ನು ನಿಲ್ಲಿಸಿದಳು. ಅವನ ಕೈಗಳನ್ನು ನೋಡಿದಳು. ಆಮೇಲೆ ಗಂಟಿನಲ್ಲಿ ಉಳಿದಿದ್ದ ಸೀತನಿಯನ್ನೆಲ್ಲ ಅವನ ಮುಂದೆ ಸರಿಸಿ ಮೆಲ್ಲಗೆ ಹೇಳಿದಳು.

“ಇದು ಖರೇ ಅದ ಕಾಕಾ. ಎಲ್ಲಾ ಖರೇ ಅದ.”

ತನ್ನ ಮಾತನ್ನು ಜನ ನಂಬಲೆಂದು ಮೂವತ್ತನಾಲ್ಕು ವರ್ಷ ಒದ್ದಾಡಿದ ಲಾಲ್ ಸಾಬನಿಗೆ, ಇದೊಂದನ್ನು ಮಾತ್ರ ಅವಳು ಸುಳ್ಳು ಅಂದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.